ಡ್ವೇನ್ ಎಲೆ ಬಿಡಲು ಕಲಿತ ದಿನ

ಎಲ್ಲದಕ್ಕೂ ಮೂಲ ಒಂದು ಕಪ್ಪು ಕನ್ನಡಕ.

ಡ್ವೇನ್ ಪೆಟ್ಟಿಬೋನ್ ಅದನ್ನು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕೊಂಡಿದ್ದ. ಲಾಸ್ ವೇಗಸ್ಸಿನಲ್ಲಿ ಬಿಸಿಲಿಗೆ ಬರವಿಲ್ಲ, ಕನ್ನಡಕ ಕೊಂಡವನನ್ನು ಯಾರೂ ಕಾರಣ ಕೇಳುವುದಿಲ್ಲ. ಆದರೆ ಅವನು ಅದನ್ನು ಅಡುಗೆಮನೆಯಲ್ಲಿ, ಬೆಳಗಿನ ತಿಂಡಿಗೆ ಕೂತಾಗ ಹಾಕಿಕೊಂಡ. ಪ್ಯಾನ್‌ಕೇಕ್ ತೆಗೆದು ಅವನ ತಟ್ಟೆಗೆ ಹಾಕಲು ಬಂದ ಹೆಂಡತಿ ರೋಂಡಾ ಸೌಟು ಹಿಡಿದುಕೊಂಡು ಹಾಗೇ ನಿಂತಳು.

“ಸೂರ್ಯ ಒಳಗೆ ಬಂದಿದಾನಾ?”

ಪೋಕರ್ ಆಡಿ ಅನ್ನ ಸಂಪಾದಿಸುವವನಿಗೆ ಕಣ್ಣೇ ಶತ್ರು, ಒಳ್ಳೆಯ ಎಲೆ ಬಂದರೆ ಬಾಯಿ ಮುಚ್ಚಿಕೊಂಡಿದ್ದರೂ ಕಣ್ಣು ಊರಿಗೆಲ್ಲ ಸಾರಿಬಿಡುತ್ತದೆ, ಅದಕ್ಕೇ ಈ ಅಭ್ಯಾಸ ಎಂದು ಡ್ವೇನ್ ಗಂಭೀರವಾಗಿ ವಿವರಿಸಿದ. ವಿವರಿಸುತ್ತಲೇ ಸಿಹಿ ಸಿರಪ್ಪಿನ ಶೀಶೆ ಎಂದುಕೊಂಡು ಪಾತ್ರೆ ತೊಳೆಯುವ ಸೋಪನ್ನು ತಿಂಡಿಯ ಮೇಲೆ ಸುರಿದುಕೊಂಡ.

ರೋಂಡಾ ತಟ್ಟೆಯ ಕಡೆ ನೋಡಲಿಲ್ಲ. “ಅನ್ನ ಸಂಪಾದಿಸೋದು” ಎಂಬಲ್ಲೇ ಅವಳ ಕಿವಿ ನಿಂತಿತ್ತು. ಕೆದಕಿದಾಗ ಹೊರಬಂತು: ಗಂಡ ಐಸ್ ಕಾರ್ಖಾನೆಯ ಲಾರಿ ಕೆಲಸವನ್ನು ಹಿಂದಿನ ದಿನವೇ ಬಿಟ್ಟುಬಂದಿದ್ದಾನೆ. ಕಾರಣವೇನೆಂದರೆ, ಹೋದ ತಿಂಗಳು ಒಂದು ಸಂಜೆ ಅವನು ಪೋಕರ್ ಮೇಜಿನಲ್ಲಿ ಒಂದು ವಾರದ ಸಂಬಳದಷ್ಟು ಗೆದ್ದಿದ್ದ. ಕಾಗೆ ಕೂತಿತ್ತು, ಕೊಂಬೆ ಮುರಿದಿತ್ತು. ಅಂದಿನಿಂದ ಆ ಕಾಗೆ ತಾನು ಮರ ಕಡಿಯುವ ಕಸುಬಿನವನೆಂದೇ ನಂಬಿಕೊಂಡಿತ್ತು.

ರೋಂಡಾ ಕೂಗಾಡುವ ಹೆಣ್ಣಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ನಿಂತು ದುಡಿದು ಅವಳ ಕಾಲು ಊದಿಕೊಂಡಿರುತ್ತಿತ್ತು. ಕೂಗಾಡಲು ಶಕ್ತಿಯೂ ಮಿಕ್ಕಿರುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹೇಳಿದಳು:

“ಇವತ್ತು ಒಂದು ದಿನ ಕೊಡ್ತೀನಿ. ಸಂಜೆ ಊಟದ ಹೊತ್ತಿಗೆ, ತಗೊಂಡು ಹೋಗಿದ್ದಕ್ಕಿಂತ ಒಂದೇ ಒಂದು ಡಾಲರ್ ಜಾಸ್ತಿ ತಂದ್ರೂ ನೀನು ಆಟಗಾರ ಅಂತ ಒಪ್ಕೋತೀನಿ, ಮತ್ತೆ ಬಾಯಿ ತೆಗೆಯಲ್ಲ. ಇಲ್ಲಾಂದ್ರೆ ನಾಳೆಯಿಂದ ಕರ್ಟ್ ಹತ್ರ ಕೆಲಸಕ್ಕೆ ಹೋಗ್ತೀಯ.”

ಕರ್ಟ್ ಅವಳ ತಮ್ಮ. ಮನೆಮನೆಯ ಈಜುಕೊಳ ತೊಳೆಯುವ ವ್ಯಾಪಾರ ಅವನದು. ಅವನ ವ್ಯಾನಿನ ಮೇಲೆ ನಗುವ ಹಸಿರು ಕಪ್ಪೆಯ ಚಿತ್ರವಿತ್ತು. ಕೆಲಸದವರೆಲ್ಲ ಅದೇ ಕಪ್ಪೆಯ ಮುಖದ ಟೋಪಿ ಹಾಕಬೇಕಿತ್ತು. ಭಾಮೈದನ ಕೈಕೆಳಗೆ ಕಪ್ಪೆಯಾಗುವುದನ್ನು ನೆನೆದರೆ ಡ್ವೇನ್‌ಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಆ ದಿನವಂತೂ ತುತ್ತಿನಲ್ಲಿ ಸೋಪೂ ಇತ್ತು.

ಇನ್ನೂರು ಡಾಲರ್ ಜೇಬಿಗಿಟ್ಟುಕೊಂಡು ಹೊರಗೆ ಬಂದರೆ ಕಾರು ಕೆಮ್ಮಿ ಸತ್ತಿತು. ಗಾಲಿಯ ಮೇಲಿನ ಟ್ರೇಲರ್ ಮನೆಗಳ ಆ ಬೀದಿಯಲ್ಲಿ ಕಾರು ಕೆಮ್ಮಿದರೆ ಸಾಕು, ಎಡಬಲದ ಬಾಗಿಲುಗಳು ತೆರೆದುಕೊಳ್ಳುತ್ತವೆ. ಎಡಗಡೆಯಿಂದ ಕ್ಲೈಡ್ ಬಂದ, ಬಸ್ ಓಡಿಸಿ ನಿವೃತ್ತನಾದವನು. ಬಲಗಡೆಯಿಂದ ಆರ್ಲೀನ್ ಬಂದಳು, ಚರ್ಚಿನಲ್ಲಿ ಹಾಡುವ ವಿಧವೆ. ಇಬ್ಬರೂ ಬಾನೆಟ್ಟಿನ ಒಳಗೆ ಇಣುಕಿ, ಸತ್ತವರ ಮನೆಯಲ್ಲಿ ಮಾಡುವಂತೆ ಮೆಲ್ಲನೆ ತಲೆಯಾಡಿಸಿದರು. ಅಷ್ಟರಲ್ಲಿ ಒಂದು ಹಳೆಯ ಬ್ಯೂಕ್ ಕಾರು ಬಂದು ನಿಂತಿತು. ಒಳಗಿದ್ದವಳು ವರ್ನಾ, ಡ್ವೇನ್‌ನ ಅತ್ತೆ.

ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ವರ್ನಾ ಅಳಿಯನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ. ಒಳ್ಳೆಯ ಮಾತಂತೂ ದೂರವೇ ಉಳಿಯಿತು. ಅವನ ಎದುರಿಗೂ ಅವನನ್ನು “ರೋಂಡಾಳ ಗಂಡ” ಎಂದೇ ಅನ್ನುತ್ತಿದ್ದಳು.

“ರೋಂಡಾಳ ಗಂಡನಿಗೆ ಎಲ್ಲಿಗೆ ಹೋಗಬೇಕಂತೆ?” ಎಂದು ಆಕೆ ಕ್ಲೈಡ್‌ನನ್ನು ಕೇಳಿದಳು.

ಎಲ್ಲರೂ ಹೋಗುತ್ತಿದ್ದದ್ದು ಒಂದೇ ಕಡೆಗೆ. ಹೆದ್ದಾರಿಯ ಬದಿಯ ಬ್ರಾಸ್ ಬರ್ರೋ ಎಂಬ ಜೂಜಾಟದ ಮನೆ ಆ ಬೀದಿಯ ಮುದುಕ ಮುದುಕಿಯರಿಗೆ ಭಾನುವಾರ ಬಿಟ್ಟು ಉಳಿದ ದಿನಗಳ ಚರ್ಚು. ಹೀಗೆ, ಪೋಕರ್ ಕಸುಬಿನ ಮೊದಲ ದಿನ ಡ್ವೇನ್ ಅತ್ತೆಯ ಕಾರಿನ ಹಿಂದಿನ ಸೀಟಿನಲ್ಲಿ, ಆರ್ಲೀನಳ ಹೆಣಿಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಹೊರಟ.

ದಾರಿಯುದ್ದಕ್ಕೂ ಒಂದೇ ಚರ್ಚೆ: ಪೋಕರ್ ಆಡಿ ಬದುಕಬಹುದೋ, ಇಲ್ಲವೋ.

“ಯಾಕೆ ಬದುಕಬಾರದು?” ಎಂದ ಕ್ಲೈಡ್. “ನನ್ನ ನೋಡು. ಇಷ್ಟು ವರ್ಷದಿಂದ ಪೋಕರ್ ಆಡಿಕೊಂಡೇ ಬದುಕಿದೀನಿ. ಬಸ್ ಕಂಪನಿ ಪಿಂಚಣಿ ಕೊಡುತ್ತೆ, ಅದು ಬೇರೆ ಮಾತು.”

ತಾನೂ ಹಾಗೆಯೇ ಬದುಕಿದ್ದೇನೆ, ಗಂಡ ಸತ್ತಾಗ ಬಂದ ವಿಮೆಯ ಹಣವಷ್ಟೇ ಜೊತೆಗೆ ಎಂದು ಆರ್ಲೀನ್ ಸೇರಿಸಿದಳು.

ವರ್ನಾ ಕನ್ನಡಿಯಲ್ಲಿ ಅಳಿಯನನ್ನು ನೋಡಿದಳು. “ನನಗೆ ಪಿಂಚಣಿನೂ ಇಲ್ಲ, ವಿಮೆನೂ ಇಲ್ಲ. ರೋಂಡಾಳ ಗಂಡ ವಾರಕ್ಕೆರಡು ಸಲ ನನ್ನ ಮೇಜಿಗೆ ಬಂದು ಕೂತ್ರೆ ಸಾಕು, ಕರೆಂಟ್ ಬಿಲ್ ಕಟ್ಟಿಬಿಡ್ತೀನಿ.”

ಡ್ವೇನ್‌ನ ದೋಷ ಯಾವುದೆಂಬುದರಲ್ಲಿ ಮೂವರಿಗೂ ಒಂದೇ ಅಭಿಪ್ರಾಯ. ಅವನಿಗೆ ಎಲೆ ಬಿಡಲು ಬರುವುದಿಲ್ಲ. ಪೋಕರಿನಲ್ಲಿ ಸೋಲು ಕಂಡಾಗ ಎಲೆ ಕೆಳಗಿಟ್ಟು ಆ ಸುತ್ತಿನಿಂದ ಹಿಂದೆ ಸರಿಯಬಹುದು. ಹಾಕಿದ್ದಷ್ಟೇ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ. ಡ್ವೇನ್ ಮಾತ್ರ ಬಂದ ಎಲೆಯನ್ನು ಹೆತ್ತ ಮಗುವಿನಂತೆ ಅಪ್ಪಿಕೊಂಡು ಕೊನೆಯವರೆಗೂ ಹೋಗಿ ಅದರ ಜೊತೆಗೇ ಮುಳುಗುತ್ತಿದ್ದ.

“ಬಿಡೋದು ಕಲಿಯಪ್ಪ,” ಎಂದಳು ಆರ್ಲೀನ್. “ಬಿಟ್ಟೋನು ಉಳೀತಾನೆ. ಚರ್ಚಲ್ಲೂ ಅದನ್ನೇ ಹೇಳ್ತಾರೆ.”

ನಿಜವೇ. ಯಾವ ದೇಶದ ಯಾವ ಸಂತನನ್ನು ಕೇಳಿದರೂ ಕೊನೆಗೆ ಹೇಳುವುದು ಇದೊಂದೇ ಮಾತು. ಸಂತರು ಅದನ್ನು ಯಾವ ಹೊತ್ತಿನಲ್ಲಿ ಪಾಲಿಸಬೇಕೆಂದು ಹೇಳಿಹೋಗಿದ್ದರೆ ಡ್ವೇನ್‌ಗೆ ಉಪಕಾರವಾಗುತ್ತಿತ್ತು.

ಅವನಿಗೆ ಇನ್ನೊಂದು ದೋಷವೂ ಇತ್ತು. ಒಳ್ಳೆಯ ಎಲೆ ಬಂದರೆ ಅವನ ಎರಡು ಕಿವಿಗಳೂ ಕಾದ ಕಬ್ಬಿಣದಂತೆ ಕೆಂಪಾಗುತ್ತಿದ್ದವು. ಇದು ಆಟದ ಮನೆಯ ಬಾಗಿಲು ಕಾಯುವವನಿಗೂ ಗೊತ್ತಿತ್ತು. ಗೊತ್ತಿಲ್ಲದವನು ಕಿವಿಗಳ ಯಜಮಾನ ಒಬ್ಬನೇ. ಅವನಿಗೆ ಯಾರೂ ಹೇಳಿರಲಿಲ್ಲ. ಹಾಲು ಕೊಡುವ ಹಸುವಿಗೆ ಬೇಲಿ ಎಲ್ಲಿ ಮುರಿದಿದೆ ಎಂದು ತೋರಿಸುವವರುಂಟೇ?

ಬ್ರಾಸ್ ಬರ್ರೋ ಬಾಗಿಲಲ್ಲಿ, ಹೆಸರಿಗೆ ತಕ್ಕಂತೆ, ಹಿತ್ತಾಳೆಯ ಕತ್ತೆಯೊಂದು ನಿಂತಿತ್ತು. ಒಳಗೆ ಹೋಗುವವರೆಲ್ಲ ಅದೃಷ್ಟಕ್ಕೆಂದು ಅದರ ಕಿವಿ ಸವರಿ ಹೋಗುವುದು ವಾಡಿಕೆ. ಮೈಯೆಲ್ಲ ಕಪ್ಪಿಟ್ಟ ಕತ್ತೆಗೆ ಕಿವಿ ಮಾತ್ರ ಚಿನ್ನದಂತೆ ಹೊಳೆಯುತ್ತಿತ್ತು. ಡ್ವೇನ್ ಸವರಲಿಲ್ಲ. ಕಸುಬಿನವನಿಗೆ ಅದೃಷ್ಟವೇಕೆ?

ಪೋಕರ್ ಕೋಣೆಯ ಗೋಡೆಯ ಮೇಲೆ ಕೆಂಪು ಅಂಕಿಗಳ ಹಲಗೆಯೊಂದಿತ್ತು. ಪ್ರತಿ ಆಟದಲ್ಲೂ ಗೆದ್ದ ರಾಶಿಯಿಂದ ಒಂದು ಡಾಲರು, ಹುಂಡಿಗೆ ಬೀಳುವಂತೆ, ಮೇಜಿನ ಕಿಂಡಿಯೊಳಗೆ ಬೀಳುತ್ತಿತ್ತು. ಹಾಗೆ ಬಿದ್ದದ್ದು ಬೆಳೆದು ಈಗ ಲಕ್ಷ ಡಾಲರು ದಾಟಿತ್ತು. ಅದಕ್ಕೆ ಎಲ್ಲರೂ “ಸೋತವನ ಗಂಟು” ಎನ್ನುತ್ತಿದ್ದರು. ಒಂದೇ ತರದ ನಾಲ್ಕು ಎಲೆ ಸೇರಿಸಿಕೊಂಡೂ ಅದಕ್ಕಿಂತ ದೊಡ್ಡ ಎಲೆಯ ಎದುರು ಸೋಲುವಂಥ ನತದೃಷ್ಟ ಯಾರಾದರೂ ಇದ್ದರೆ, ಗಂಟಿನ ಅರ್ಧ ಅವನಿಗೆ. ಕಾಲು ಭಾಗ ಅವನನ್ನು ಸೋಲಿಸಿದವರಿಗೆ. ಉಳಿದ ಕಾಲು ಮೇಜಿನ ಸುತ್ತ ಕೂತವರಿಗೆಲ್ಲ ಸಮಪಾಲು. ಷರತ್ತು ಎರಡೇ. ಕೊನೆಯಲ್ಲಿ ಇಬ್ಬರ ಎಲೆಗಳೂ ಮೇಜಿನ ಮೇಲೆ ಮುಖ ಮೇಲಾಗಿ ಬೀಳಬೇಕು. ಆಟ ನಡೆಯುವಾಗ ಯಾರೂ ಗಂಟಿನ ಸುದ್ದಿ ಎತ್ತಬಾರದು; ಎತ್ತಿದರೆ ಒಬ್ಬರಿಗೂ ಕಾಸಿಲ್ಲ. ಹಿಂದೊಮ್ಮೆ ಒಬ್ಬ ಬಡಗಿ ತಡೆಯಲಾರದೆ ಅದರ ಹೆಸರೆತ್ತಿ ಎಲ್ಲರ ಪಾಲನ್ನೂ ನೀರು ಮಾಡಿದ್ದ. ಅವನು ಆ ವಾರವೇ ಮನೆ ಮಾರಿ ಅರಿಜೋನಾಕ್ಕೆ ಹೊರಟುಹೋದ. ಇನ್ನೂ ಬಂದಿಲ್ಲ.

ಆ ಮುದುಕರು ಪ್ರತಿದಿನ ಅಲ್ಲಿಗೆ ಬಂದು ಕೂರುತ್ತಿದ್ದದ್ದೇ ಆ ಹಲಗೆಯ ದರ್ಶನಕ್ಕೆ. ಡ್ವೇನ್ ಅದನ್ನು ನೋಡಿ ಮೂಗು ಮುರಿದ.

“ಅದು ಸೋಲೋರ ದೇವರು,” ಎಂದ. “ನಾನು ಗೆಲ್ಲೋಕೆ ಬಂದಿರೋನು.” ಎಂದವನೇ ಜಾಗ ಬದಲಾಯಿಸಿಕೊಂಡು ಹಲಗೆಗೆ ಬೆನ್ನು ಹಾಕಿ ಕೂತ.

ಬೆಳಗಿನ ಆಟ ಹೇಳುವಂಥದ್ದಲ್ಲ. ಕಪ್ಪು ಕನ್ನಡಕದೊಳಗಿಂದ ಕೆಂಪು ಆಟೀನೂ ಕಪ್ಪು ಇಸ್ಪೀಟೂ ಒಂದೇ ಬಣ್ಣ. ತನ್ನ ಐದೂ ಎಲೆ ಒಂದೇ ಬಣ್ಣದ್ದೆಂದು ಕೊನೆಯವರೆಗೂ ಹೋಗಿ ಅವನು ಎದೆಯುಬ್ಬಿಸಿ ಎಲೆ ಬಿಚ್ಚಿದಾಗ, ಎಲೆ ಹಂಚುವ ಮಾರಿಸೆಲ್ ಬಹಳ ಮರ್ಯಾದೆಯಿಂದ, “ಸಾರ್, ಇದರಲ್ಲಿ ಎರಡು ಕಪ್ಪು,” ಎಂದಳು. ರಾಶಿ ಆರ್ಲೀನಳ ಕಡೆಗೆ ಸರಿಯಿತು. ಅವನು ಕನ್ನಡಕವನ್ನು ತಲೆಯ ಮೇಲೇರಿಸಿದ. ಆಮೇಲೆ ಕಣ್ಣು ಕಾಣುವ ಸ್ಥಿತಿಯಲ್ಲೇ ಕ್ಲೈಡ್‌ಗೊಮ್ಮೆ, ಅತ್ತೆಗೊಮ್ಮೆ ಸೋತ. ಮಧ್ಯಾಹ್ನದ ಊಟಕ್ಕೆ ಎದ್ದಾಗ ಅವನ ಮುಂದಿದ್ದ, ದುಡ್ಡಿಗೆ ಬದಲಾಗಿ ಕೊಟ್ಟ ಬಿಲ್ಲೆಗಳ ರಾಶಿ, ಕ್ಷೌರ ಮಾಡಿಸಿಕೊಂಡ ತಲೆಯಂತೆ ಕಾಣುತ್ತಿತ್ತು.

ಹಾಟ್‌ಡಾಗ್ ಸಾಲಿನಲ್ಲಿ ನಿಂತಾಗ ಕ್ಲೈಡ್‌ಗೆ ಕನಿಕರ ಬಂತು. ಗೆದ್ದ ದುಡ್ಡಿನಲ್ಲಿ ಅವನೇ ಡ್ವೇನ್‌ಗೂ ಒಂದು ಕೊಡಿಸಿದ.

“ಒಳ್ಳೆ ಎಲೆ ಯಾರಿಗೆ ಬೇಕಾದ್ರೂ ಬರುತ್ತೆ ಡ್ವೇನ್. ಕೆಟ್ಟ ಎಲೆ ಬಿಡೋನು ಆಟಗಾರ. ಒಳ್ಳೆ ಎಲೆನೂ ಬಿಡಬಲ್ಲೋನು ದೊಡ್ಡ ಆಟಗಾರ. ಎದುರಿಗಿರೋರ ಮುಖ ಓದು. ಯಾವತ್ತೂ ಮಾಡದ್ದನ್ನ ಯಾರಾದ್ರೂ ಮಾಡಿದ್ರೆ, ಬಿಟ್ಟು ಎದ್ದುಬಿಡು.”

ಈ ಮಾತು ಡ್ವೇನ್‌ನ ಎದೆಗೆ ನೆಟ್ಟಿತು. ಕಪ್ಪೆಯ ಟೋಪಿ ಕಣ್ಣ ಮುಂದೆ ಕುಣಿಯುತ್ತಿದ್ದಾಗ ಉಪದೇಶ ಬೇಗ ನಾಟುತ್ತದೆ.

ಮಧ್ಯಾಹ್ನದ ಮೇಲೆ ಅವನು ಬೇರೆಯೇ ಮನುಷ್ಯ. ಎಲೆ ಬಂದಂತೆಲ್ಲ ಬಿಟ್ಟ. ಬಿಟ್ಟದ್ದನ್ನು ನೋಡಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಮಾರಿಸೆಲ್ ವಿಚಾರಿಸಿದಳು. ನಿಜವಾಗಿ ಒಳ್ಳೆಯದು ಬಂದಾಗ ಮಾತ್ರ ಹಣ ಹಾಕಿದ. ಆಗ ಕಿವಿ ಕೆಂಪಾಗುವುದನ್ನು ಕಂಡು ಉಳಿದವರೆಲ್ಲ ಗಡಿಬಿಡಿಯಿಂದ ಎಲೆ ಕೆಳಗಿಟ್ಟರು. ಹೀಗೆ ಚಿಕ್ಕ ಚಿಕ್ಕ ರಾಶಿಗಳು ಯಾವ ಗಲಾಟೆಯೂ ಇಲ್ಲದೆ ಅವನ ಕಡೆಗೆ ಬರತೊಡಗಿದವು. ತನ್ನ ಮುಖ ಕಲ್ಲಿನಂತಾಗಿದೆ, ಅದಕ್ಕೇ ಎಲ್ಲರೂ ಹೆದರುತ್ತಿದ್ದಾರೆ ಎಂದು ಅವನು ತಿಳಿದ. ಬಿಸಿಲು ಇಳಿಯುವ ಹೊತ್ತಿಗೆ ಅವನ ಮುಂದೆ ತಂದ ಇನ್ನೂರೂ ಇತ್ತು, ಅದರ ಮೇಲೆ ಒಂದಿಷ್ಟೂ ಇತ್ತು.

ಆಗ ಎದ್ದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಏಳಲೆಂದು ಕುರ್ಚಿ ಹಿಂದಕ್ಕೆ ತಳ್ಳಿದ್ದ ಕೂಡ. ಅಷ್ಟರಲ್ಲಿ ಮಾರಿಸೆಲ್ ಅವನ ಮುಂದೆ ಎರಡು ಎಲೆ ಹಾಕಿಬಿಟ್ಟಿದ್ದಳು. ಬಡಿಸಿದ ಎಲೆ ಬಿಟ್ಟು ಏಳಬಾರದೆಂದು ಮೆಲ್ಲನೆ ಅಂಚು ಎತ್ತಿ ನೋಡಿದ.

ಎರಡೂ ರಾಣಿಯರು.

ಇನ್ನು ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಒಂದೊಂದಾಗಿ ತೆರೆಯಬೇಕು. ಕೈಯಲ್ಲಿರುವ ಎರಡಕ್ಕೆ ಅವನ್ನು ಕೂಡಿಸಿಕೊಂಡು ಯಾರದು ದೊಡ್ಡದೋ ಅವರು ಗೆದ್ದರು. ಮಾರಿಸೆಲ್ ಮೊದಲು ಮೂರನ್ನು ತೆರೆದಳು. ಒಂದು ರಾಣಿ. ಇನ್ನೊಂದು ರಾಣಿ. ಆಟೀನ್ ಒಂಬತ್ತು.

ಜಗತ್ತಿನಲ್ಲಿರುವ ನಾಲ್ಕೂ ರಾಣಿಯರು ಡ್ವೇನ್ ಪೆಟ್ಟಿಬೋನ್‌ನ ಮನೆಗೆ ಬಂದಿದ್ದರು. ಅವನು ಮುಖವನ್ನು ಕಲ್ಲು ಮಾಡಿದ. ಕಿವಿಗಳು ಸಂಜೆಯ ಸೂರ್ಯನಂತೆ ಹೊತ್ತಿಕೊಂಡವು. ಬಲೆ ಬೀಸಿ ಕಾಯುವ ಬೇಡನಂತೆ ಸ್ವಲ್ಪವೇ ಹಣ ಹಾಕಿದ. ಆ ಕಿವಿ ಕಂಡು ಕ್ಲೈಡ್ ಬಿಟ್ಟ, ಆರ್ಲೀನ್ ಬಿಟ್ಟಳು, ಉಳಿದ ಮುದುಕರೂ ಬಿಟ್ಟರು. ವರ್ನಾ ಮಾತ್ರ ಬಿಡಲಿಲ್ಲ.

ನಾಲ್ಕನೆಯದು ಆಟೀನ್ ಎಂಟು. ಐದನೆಯದು ಆಟೀನ್ ಏಳು.

ವರ್ನಾಳ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಆಕೆ ಅಳಿಯನ ಕಿವಿಗಳನ್ನು ನೋಡಿದಳು. ಮೇಜಿನ ಮೇಲಿದ್ದ ಇಬ್ಬರು ರಾಣಿಯರನ್ನು ನೋಡಿದಳು. ಆಮೇಲೆ ಆಕೆಯ ಕಣ್ಣು ಅವನ ತಲೆಯ ಮೇಲಿಂದ ಹಾದು ಗೋಡೆಗೆ ಹೋಯಿತು. ಆಕೆಯ ಕಣ್ಣು ಹೋದಲ್ಲಿಗೆ ಕ್ಲೈಡ್‌ನ ಕಣ್ಣು ಹೋಯಿತು, ಆರ್ಲೀನಳದು ಹೋಯಿತು, ಮೇಜಿಗೆ ಮೇಜೇ ಅತ್ತ ನೋಡಿ, ಪೂಜೆಯಲ್ಲಿ ಕೂತ ಹಾಗೆ ಸ್ತಬ್ಧವಾಯಿತು.

“ಎಲ್ಲ ಹಾಕ್ತೀನಿ,” ಎಂದು ವರ್ನಾ ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿದಳು.

ಡ್ವೇನ್ ತಾನೂ ತಳ್ಳಲೆಂದು ಕೈ ಚಾಚಿದ. ಆಗ ಆಕೆ ಬಾಯಿ ಬಿಟ್ಟಳು.

“ಹಾಕು ಕಂದಾ,” ಎಂದಳು. “ನೀನು ಒಳ್ಳೆ ಹುಡುಗ. ನಾನು ಯಾವತ್ತೂ ಹೇಳ್ಲಿಲ್ಲ, ನಂದೇ ತಪ್ಪು.”

ಚಾಚಿದ ಕೈ ಅಲ್ಲೇ ನಿಂತಿತು.

ಒಂಬತ್ತು ವರ್ಷ. ಮದುವೆಯ ದಿನ ಈಕೆ ಕರವಸ್ತ್ರ ಹಿಡಿದು ಅತ್ತಿದ್ದಳು, ಅದು ಸಂತೋಷಕ್ಕಲ್ಲ, ದುಃಖಕ್ಕೆ ಎಂದು ಬಂದವರಿಗೆಲ್ಲ ಹೇಳಿದ್ದಳು. ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಡಲು ಬಂದು ಹಾಸಿಗೆ ಚೆನ್ನಾಗಿದೆ ಎಂದು ಹೊಗಳಿ ಹೋಗಿದ್ದಳು. ಅಂಥವಳ ಬಾಯಲ್ಲಿ ಕಂದಾ.

ಅವನು ಸುತ್ತ ನೋಡಿದ. ಕ್ಲೈಡ್ ನಗುತ್ತಿದ್ದ, ತಾಯಿ ಮಗುವನ್ನು ನೋಡಿ ನಗುವಂತೆ. ಆರ್ಲೀನ್ ಕಣ್ಣು ಮುಚ್ಚಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಳು. ಯಾವತ್ತೂ ಮಾತಾಡಿಸದ ಮುದುಕನೊಬ್ಬ ಅವನ ಕಡೆಗೆ ಪೆಪ್ಪರ್‌ಮೆಂಟ್ ಸರಿಸಿದ. “ನಿಧಾನವಾಗಿ ಯೋಚನೆ ಮಾಡಿ ಸಾರ್,” ಎಂದ ಮಾರಿಸೆಲ್‌ಳ ದನಿಯೂ ಜೇನಾಗಿತ್ತು. ಇಡೀ ಮೇಜು ಅವನನ್ನು ಪ್ರೀತಿಸುತ್ತಿತ್ತು. ಪ್ರೀತಿಸುತ್ತಿತ್ತು, ಆದರೆ ಕತ್ತು ಹಿಸುಕಿದರೂ ಕಾರಣ ಹೇಳುವಂತಿರಲಿಲ್ಲ.

ಯಾವತ್ತೂ ಮಾಡದ್ದನ್ನು ಯಾರಾದರೂ ಮಾಡಿದರೆ. ಕ್ಲೈಡ್‌ನದೇ ಮಾತು. ಡ್ವೇನ್ ಮೇಜಿನ ಮೇಲಿನ ಎಲೆಗಳನ್ನು ಮತ್ತೆ ನೋಡಿದ. ಆಟೀನ್ ಏಳು, ಎಂಟು, ಒಂಬತ್ತು. ಅತ್ತೆಯ ಕೈಯಲ್ಲಿ ಆಟೀನ್ ಹತ್ತೂ ಗುಲಾಮನೂ ಇದ್ದರೆ ಒಂದೇ ಬಣ್ಣದ ಐದು ಸಾಲಾಗಿ ನಿಲ್ಲುತ್ತವೆ. ಅದರ ಎದುರು ನಾಲ್ಕು ರಾಣಿಯರೂ ದಾಸಿಯರು. ಇರಲೇಬೇಕು. ಇಲ್ಲದಿದ್ದರೆ ಈ ಹೆಂಗಸಿನ ಬಾಯಲ್ಲಿ ಅಂಥ ಮಾತು ಬರುವುದುಂಟೇ?

ಬದುಕಿನಲ್ಲಿ ಮೊದಲ ಸಲ ಅವನು ಇನ್ನೊಬ್ಬರ ಕೈ ಓದಿದ್ದ. ಮನಸ್ಸಿನಲ್ಲಿ ದೊಡ್ಡದೊಂದು ಶಾಂತಿ ಇಳಿಯಿತು. ಬಿಟ್ಟವನು ಉಳಿಯುತ್ತಾನೆ. ಎರಡು ಎಲೆಗಳನ್ನೂ ಮುಖ ಕೆಳಗೆ ಮಾಡಿ, ಬಿಟ್ಟ ಎಲೆಗಳ ಗುಡ್ಡೆಯೊಳಕ್ಕೆ ಸರಿಯಾಗಿ ತೂರಿದ. ಮಾರಿಸೆಲ್‌ಳ ಕೈ ಅಭ್ಯಾಸಬಲದಿಂದ ಅವನ್ನು ಗುಡ್ಡೆಯಲ್ಲಿ ಕಲಸಿಬಿಟ್ಟಿತು.

“ಬಿಟ್ಟೆ,” ಎಂದ ಡ್ವೇನ್.

ದೂರದಲ್ಲಿ ಯಾವುದೋ ಜೂಜಿನ ಯಂತ್ರ ತನ್ನಷ್ಟಕ್ಕೆ ಹಾಡುತ್ತಿತ್ತು. ವರ್ನಾ ತನ್ನ ಎಲೆ ತಿರುಗಿಸಿದಳು. ಆಟೀನ್ ಹತ್ತು, ಆಟೀನ್ ಗುಲಾಮ.

ಡ್ವೇನ್ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು. “ನೋಡಿದ್ರಾ? ನಾಲ್ಕು ರಾಣಿ ಇಟ್ಕೊಂಡು ಬಿಟ್ಟೆ ನಾನು. ಯಾರು ಬಿಡ್ತಾರೆ ಹೇಳಿ. ಬಿಡೋದು ಕಲಿ, ಬಿಡೋದು ಕಲಿ ಅಂತಿದ್ರಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕ್ಲೈಡ್ ಬಹಳ ನಿಧಾನವಾಗಿ ಕೈಯೆತ್ತಿ ಅವನ ಬೆನ್ನ ಹಿಂದಕ್ಕೆ ತೋರಿಸಿದ. ಡ್ವೇನ್ ತಿರುಗಿದ. ಆ ಆಟದ ಒಂದು ಡಾಲರು ಕಿಂಡಿಗೆ ಬಿದ್ದು, ಕೆಂಪು ಅಂಕಿ ಆಗಷ್ಟೇ ಒಂದು ಮೇಲಕ್ಕೆ ಹೋಯಿತು.

ದೇವರು ಕೊಡುವಾಗ ಯಾವ ಬಾಗಿಲಿಂದ ಬರುತ್ತಾನೋ ಹೇಳಲಾಗದು. ಡ್ವೇನ್‌ಗೆ ಗಂಟಿನ ಅರ್ಧ ಕೊಡಲು ಸೋಲಿನ ಬಾಗಿಲಿಗೆ ಬಂದಿದ್ದ. ವರ್ಷಗಟ್ಟಲೆ ತೆರೆದೇ ಇದ್ದ ಆ ಬಾಗಿಲಿಗೆ ಡ್ವೇನ್ ಅದೇ ಮಧ್ಯಾಹ್ನ ಚಿಲಕ ಹಾಕಲು ಕಲಿತಿದ್ದ.

ಮ್ಯಾನೇಜರು ಬಂದ, ಗುಡ್ಡೆಗೆ ಸೇರಿದ ಎಲೆ ಸತ್ತ ಎಲೆ ಎಂದು ತಲೆಯಾಡಿಸಿ ಹೋದ. ಆರ್ಲೀನಳ ಬಾಯಿಂದ ಯಾವ ಭಜನೆಯಲ್ಲೂ ಬಾರದ ಪದವೊಂದು ಬಂತು. ಬ್ಯೂಕ್ ಕಾರಿನಲ್ಲಿ ಅವನಿಗೆ ಜಾಗವಿಲ್ಲವೆಂದು ಯಾರೂ ಹೇಳಬೇಕಾಗಲಿಲ್ಲ. ಅವನು ಹಿತ್ತಾಳೆ ಕತ್ತೆಯ ಕಿವಿಯನ್ನು ಒಮ್ಮೆ ಸವರಿ, ಕಪ್ಪು ಕನ್ನಡಕ ಇಳಿಸಿಕೊಂಡು, ಕಾದ ಹೆದ್ದಾರಿಯಲ್ಲಿ ನಡೆದೇ ಮನೆ ಸೇರಿದ.

ರೋಂಡಾ ಮೇಜಿಗೆ ತಟ್ಟೆ ಇಡುತ್ತಿದ್ದಳು. ಅವನು ನೋಟುಗಳನ್ನು ಅವಳ ಮುಂದಿಟ್ಟ. ಇನ್ನೂರರ ಮೇಲೆ ಹನ್ನೊಂದು ಡಾಲರು. ಅವಳು ಮತ್ತೆ ಮತ್ತೆ ನೋಡಿದಳು. ಆಮೇಲೆ, ಬಹಳ ದಿನಗಳ ನಂತರ, ನಕ್ಕಳು.

“ಮಾತು ಅಂದ್ರೆ ಮಾತು. ನೀನು ಆಟಗಾರ ಅಂತ ಒಪ್ಕೊಂಡೆ. ಕೈ ತೊಳ್ಕೊಂಡು ಬಾ.”

ಡ್ವೇನ್ ಬದುಕಿನಲ್ಲಿ ಗೆದ್ದ ಕ್ಷಣ ಇದ್ದರೆ ಅದೇ. ಅವನು ಕೈ ತೊಳೆದು ಬರುವಷ್ಟು ಹೊತ್ತು ಅದು ಉಳಿಯಿತು. ಬಂದು ನೋಡಿದರೆ ಬಾಗಿಲಲ್ಲಿ ಕ್ಲೈಡೂ ಆರ್ಲೀನೂ ನಿಂತಿದ್ದರು, ಒಳಗೆ ಅವನ ಕುರ್ಚಿಯ ಪಕ್ಕದಲ್ಲಿ ಅತ್ತೆ ಕೂತಿದ್ದಳು. ಆಕೆ ಕೂಗಲಿಲ್ಲ. ಒಂದು ಲೋಟ ನಿಂಬೆ ಶರಬತ್ತು ಬಗ್ಗಿಸಿ ಅವನ ಕಡೆಗೆ ಸರಿಸಿದಳು.

“ಕೂತ್ಕೋ ಕಂದಾ,” ಎಂದಳು. “ಬಿಸಿಲಲ್ಲಿ ನಡೆದು ದಣಿದಿದೀಯ. ಎಷ್ಟು ತಂದೆ ಅಂತ ರೋಂಡಾಗೆ ಹೇಳಿದೀಯಂತೆ. ಎಷ್ಟು ಅಲ್ಲೇ ಬಿಟ್ಟು ಬಂದೆ ಅಂತ ನೀನೇ ಹೇಳ್ತೀಯಾ, ನಾನು ಹೇಳ್ಲಾ?”

ಆಕೆಯ ಬಲಗೈ ಮೇಜಿನ ಮೇಲೆ ಅಂಗೈ ಕೆಳಗಾಗಿ ಮಲಗಿತ್ತು. ಅದರಡಿಯಲ್ಲಿ ಏನೋ ಇತ್ತು. ಡ್ವೇನ್ ಆ ಕೈಯನ್ನು ನೋಡಿದ. ಆ ಸಿಹಿಯಾದ ಮುಖವನ್ನು ನೋಡಿದ. ರೋಂಡಾಳ ಊದಿದ ಕಾಲುಗಳನ್ನು, ಇನ್ನೂ ಪೂರ್ತಿ ಆರದ ಅವಳ ನಗುವನ್ನು ನೋಡಿದ. ಅಂಗೈ ಎತ್ತುವ ಮೊದಲೇ ಅವನಿಗೆ ಅದರಡಿಯ, ಕರ್ಟ್‌ನ ವ್ಯಾನಿನ ಕೀಲಿಕೈ ಕಂಡಿತ್ತು, ಅದಕ್ಕೆ ತೂಗುಬಿದ್ದ ಹಸಿರು ಕಪ್ಪೆಯೂ ಕಂಡಿತ್ತು.

“ಬಿಟ್ಟೆ,” ಎಂದ.

ಒಂದೇ ದಿನ ಎರಡು ಸಲ ಅತ್ತೆಯ ಕೈಯನ್ನು ಸರಿಯಾಗಿ ಓದಿದ ಅಳಿಯ ಆ ಊರಿನಲ್ಲಿ ಮತ್ತೊಬ್ಬನಿರಲಿಲ್ಲ.

ವರ್ನಾ ಬಿಟ್ಟುಬಂದ ಲೆಕ್ಕವನ್ನು ಮತ್ತೆ ಎತ್ತದೆ ಕೀಲಿಕೈ ಕೊಟ್ಟು, ಚೀಲದಿಂದ ಟೋಪಿ ತೆಗೆದು ತಾನೇ ಅವನ ತಲೆಗಿಟ್ಟಳು. ಕರ್ಟ್‌ನ ಟೋಪಿಗಳೆಲ್ಲ ಬಿಸಿಲಿಗೆಂದು ಮಾಡಿಸಿದವು. ಎರಡು ಕಡೆಯೂ ಅಗಲವಾದ ಹಸಿರು ಬಟ್ಟೆ ಇಳಿಬಿದ್ದು ಡ್ವೇನ್‌ನ ಕಿವಿಗಳೆರಡನ್ನೂ ಪೂರಾ ಮುಚ್ಚಿತು. ಬಾಗಿಲಲ್ಲಿ ನಿಂತು ಟೋಪಿ ಕಂಡು ನಗುತ್ತಿದ್ದ ಕ್ಲೈಡ್ ನಗುವುದನ್ನು ನಿಲ್ಲಿಸಿದ. ಆರ್ಲೀನ್ ಕ್ಲೈಡ್‌ನ ಮುಖ ನೋಡಿದಳು. ವರ್ನಾ ಕೂಡ ಕಿವಿ ಮುಚ್ಚಿದ ಆ ಬಟ್ಟೆಯನ್ನು ಬೆರಳಿನಿಂದ ಎತ್ತಿ ನೋಡಿದಳು, ಕರೆಂಟ್ ಬಿಲ್ ಜ್ಞಾಪಕಕ್ಕೆ ಬಂದವಳಂತೆ.

“ಕೆಲಸಕ್ಕೆ ದಿನಾ ಹಾಕ್ಕೊಂಡು ಹೋಗು,” ಎಂದಳು. “ಆಟಕ್ಕೆ ಬರೋವಾಗ ಮಾತ್ರ ಅದನ್ನ ಮನೇಲಿ ತೆಗೆದಿಟ್ಟು ಬಾ ಕಂದಾ.”